ಮನೆಯೊಳಗೆ ಕೊಟ್ಟ ಹೆಣ್ಣುಮಕ್ಕಳು

ಹೊಸಪೇಟೆಯ ಚಿತ್ತವಾಡ್ಗಿಯ ಆ ಎರಡು ಕೋಣೆಯ ತವರುಮನೆಗೆ ಬಂಡ್ರಿಯಿಂದ ಅಕ್ಕ ಯಶೋಧರಾ ಬಂದಳೆಂದರೆ ತಂಗಿ ಸುಧಾರಾಣಿ ಕಥೆ ಹೇಳಬೇಕು. ಎಂ.ಎ. ಎರಡನೆಯ ವರ್ಷದಲ್ಲಿ ವಿಶ್ವಸಾಹಿತ್ಯ ಓದುತ್ತಿದ್ದ ಅವಳು ಆ ವಾರ ತರಗತಿಯಲ್ಲಿ ಓದಿಸಿದ್ದನ್ನು ಹೇಳುವಳು. ಅಕ್ಕ ಬಚ್ಚಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತ ಕೇಳುವಳು.

"ಆ ಊರಾಗ ಆರು ತಿಂಗಳು ಹಿಮ ಬೀಳ್ತೈತಕ್ಕ. ಅಲ್ಲೊಂದು ಹುಡುಗಿನ್ನ ಅವರಪ್ಪನ ವಯಸ್ಸಿನ ಜಮೀನ್ದಾರಗ ಕೊಡ್ತಾರ."

"ಆಕೀಗೆ ಮಕ್ಕಳಾದ್ವೇನು?"

"ಎರಡು."

"ಅವಕ್ಕ ಕಿವಿ ಕೇಳ್ತಿದ್ವೇನು?"

"ಕಥಿಯಾಗ ಅದನ್ನ ಬರದಿಲ್ಲಕ್ಕ."

"ಹಂಗಂದ್ರ ಕೇಳ್ತಿದ್ವು ಬಿಡು. ಕೇಳದಿದ್ರ ಬರೀದೆ ಬಿಡ್ತಿದ್ರೇನು?"

ಯಶೋಧರಾಳ ಹೆಣ್ಣುಮಕ್ಕಳಿಬ್ಬರೂ, ಒಬ್ಬಳಿಗೆ ಏಳು, ಇನ್ನೊಬ್ಬಳಿಗೆ ಐದು, ಬಾಗಿಲಲ್ಲಿ ಸದ್ದಿಲ್ಲದೆ ಆಡುತ್ತಿದ್ದರು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ದೊಡ್ಡವಳನ್ನು ತೋರಿಸಿದಾಗಲೇ ಡಾಕ್ಟರು ಕೇಳಿದ್ದರು, "ಗಂಡ ಸಂಬಂಧಿಕರೇನಮ್ಮ?" ಹೌದು. ಗಂಡ ಎರ್ರೆಪ್ಪ ಅವಳ ತಾಯಿ ಹಂಪಕ್ಕನ ಒಡಹುಟ್ಟಿದ ತಮ್ಮ. ಹದಿನೆಂಟರ ಯಶೋಧರಾಳನ್ನು ಸೋದರಮಾವನಿಗೆ ಕೊಟ್ಟಿದ್ದರು. ನಿನ್ನೆಯವರೆಗೆ ಅಜ್ಜಿಯಾಗಿದ್ದ ನೀಲಗಂಗಮ್ಮ ಮರುದಿನದಿಂದ ಅತ್ತೆಯಾದಳು.

ಹಂಪಕ್ಕನ ಗಂಡ ಬದುಕಿದ್ದಾಗ ಮನೆಯ ದೇವರ ಫೋಟೋಗಳನ್ನೆಲ್ಲ ಇಳಿಸಿ ಬುದ್ಧನನ್ನು ತಂದಿಟ್ಟವನು. ಮಕ್ಕಳ ಹೆಸರು ಬದಲಾದವು, ಪೂಜೆ ಬದಲಾಯಿತು. ಹೆಣ್ಣನ್ನು ಯಾರಿಗೆ ಕೊಡಬೇಕೆಂಬ ಮಾತು ಮಾತ್ರ ಬದಲಾಗಲಿಲ್ಲ. ಸುಧಾರಾಣಿ ತೊಟ್ಟಿಲಲ್ಲಿದ್ದಾಗಲೇ ನೀಲಗಂಗಮ್ಮ ಹನ್ನೊಂದು ವರ್ಷದ ಕಿರಿಮಗ ಹುಲುಗೇಶನ ಕೈಯಿಂದ ಕೂಸಿನ ಹಣೆಗೆ ಕುಂಕುಮ ಇಡಿಸಿ, "ಇದು ನಂದು" ಎಂದಿದ್ದಳು. ಹುಲುಗೇಶನೀಗ ಯಶವಂತನಗರದ ಗಣಿಯಲ್ಲಿ ಲಾರಿಗಳ ಲೋಡು ನೋಡಿಕೊಳ್ಳುವ ಮೂವತ್ನಾಲ್ಕರ ಗಂಡಸು.

ಓದುವವರು ಗಮನಿಸಬೇಕಾದ ಒಂದು ಕ್ರೂರ ಸಂಗತಿ ಇದೆ. ಸುಧಾರಾಣಿಯ ಜೊತೆ ಎಂ.ಎ.ಗೆ ಸೇರಿದ ಹನ್ನೊಂದು ಹುಡುಗಿಯರಲ್ಲಿ ಆರು ಮಂದಿಯನ್ನು ಮೊದಲ ವರ್ಷದಲ್ಲೇ ವರ ಸಿಕ್ಕಿತೆಂದು ಬಿಡಿಸಿದರು. ಇವಳನ್ನು ಬಿಡಿಸಲಿಲ್ಲ. "ಓದಲಿ ಬಿಡು, ಹೆಂಗಿದ್ರೂ ಮನಿಯಾಕೇನ" ಎಂದಳು ಅಜ್ಜಿ. ಕೊಟ್ಟಾಗಿದ್ದ ಹೆಣ್ಣು, ಆದ್ದರಿಂದಲೇ ಪುಸ್ತಕ ಹಿಡಿದು ಓಡಾಡಬಹುದಾಗಿತ್ತು. ಓದು ಅವಳ ಹಕ್ಕಾಗಿರಲಿಲ್ಲ, ಮಾಲು ಒಯ್ಯುವವರು ಬರುವತನಕ ಗೋದಾಮಿನಲ್ಲಿ ಸಿಕ್ಕ ಜಾಗವಾಗಿತ್ತು.

ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಅವಳು ನಾಲ್ಕು ದೇಶಗಳ ಕಾದಂಬರಿಗಳಲ್ಲಿ ಹೆಣ್ಣಿನ ಮದುವೆ ಎಂಬ ವಿಷಯ ಆರಿಸಿಕೊಂಡಳು. ಕರಡು ನೋಡಿದ ಅಧ್ಯಾಪಕಿ ರೇಣುಕಮ್ಮ ಮೆಚ್ಚಿ, ಕನ್ನಡಕ ತೆಗೆದು ಕೇಳಿದರು: "ನಾಲ್ಕೂ ದೇಶದ ಹೆಣ್ಣುಮಕ್ಕಳ ಬಗ್ಗೆ ಇಷ್ಟು ಸಿಟ್ಟಿನಿಂದ ಬರ್ದೀಯಲ್ಲ, ನಿನ್ನ ಮದುವಿ ಯಾರು ಗೊತ್ತುಮಾಡ್ತಾರ?"

ಸುಧಾರಾಣಿ ಕರಡನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಹಂಪಿಯ ದಾರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಅವಳಿಗೆ ಅಳುವೂ ಬರಲಿಲ್ಲ. ಬರೀ ದಣಿವು.

ವಾರದೊಳಗೆ ನೀಲಗಂಗಮ್ಮನೇ ಚಿತ್ತವಾಡ್ಗಿಗೆ ಬಂದು ಕೂತಳು.

"ಬರೋ ಭಾನುವಾರ ಬಂಡ್ರ್ಯಾಗ ಉಡಿ ತುಂಬೋದು. ತಿಂಗಳೊಪ್ಪತ್ತಿನಾಗ ಮದುವಿ."

"ಅಜ್ಜಿ, ನನಗ ಪರೀಕ್ಷೆ ಐತಿ."

"ಎಲ್ಲಾ ದೇಶದ್ದೂ ಓದಿದ್ಯಲ್ಲ, ಇನ್ನಾವ ದೇಶ ಉಳದೈತಿ?"

"ನಾ ಹುಲುಗೇಶ್ ಮಾವನ್ನ ಒಲ್ಲೆ. ಆತ ಕೆಟ್ಟಾವಲ್ಲ. ನನ್ನ ಎತ್ತಿ ಆಡಿಸಿದ ಮಾವ ಆತ. ಅಕ್ಕನ ಮಕ್ಕಳನ್ನ ನೋಡು. ಒಂದ ರಕ್ತದಾಗ ಕೊಟ್ಟು ತಗೊಂಡ್ರ ಹಂಗಾಗೋದು ಭಾಳ ಅಂತ ಡಾಕ್ಟರೇ ಹೇಳ್ಯಾರ."

"ಡಾಕ್ಟರು ಹೇಳ್ತಾರ! ನಮ್ಮ ಓಣಿ ಗಾದಿಲಿಂಗಪ್ಪ ಕಂಪ್ಲಿಯಿಂದ ಸಂಬಂಧನ ಇಲ್ಲದ ಸೊಸಿ ತಂದ. ಅವನ ಮೊಮ್ಮಗಳೂ ಕಿವುಡೀನ. ಅದಕ್ಕೇನಂತೀ? ನಂದೂ ಸೋದರಮಾವನ ಮನೀನ. ನಾ ಹಡದ ಮೂರಕ್ಕೂ ಕಿವಿ ಛಲೋ ಅದಾವ."

"ಎಲ್ಲರಿಗೂ ಆಗ್ತೈತಂತ ನಾ ಎಲ್ಲಿ ಅಂದೆ? ನಮ್ಮನ್ಯಾಗ ಎರಡಕ್ಕ ಎರಡೂ ಆಗ್ಯಾವು. ಇನ್ನೂ ಎಷ್ಟಾಗಬೇಕು?"

"ಹಂಪೀ, ನಿನ್ನ ಮಗಳ ಬಾಯಿ ಮುಚ್ಚಸ್ತೀಯೋ ಇಲ್ಲೋ?"

ಹಂಪಕ್ಕ ತಾಯಿಯ ಮುಖ ನೋಡಿದಳು, ಮಗಳ ಮುಖ ನೋಡಲಿಲ್ಲ. "ಅವ್ವ ಹೇಳಿದಂಗ ಆಗಲಿ" ಎಂದಳು. ಅದು ಅವಳ ಹಳೆಯ ಮಾತು. ಎರ್ರೆಪ್ಪ ಕುಡಿದು ಹೊಡೆದಾಗ ಯಶೋಧರಾ ಮೂರು ಸಲ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಮೂರೂ ಸಲ ಹಂಪಕ್ಕ, "ಏನ್ ಪರರ ಮನೀಗೆ ಕೊಟ್ಟೀವೇನು? ನಮ್ಮವ್ವನ ಮನಿ ಅದು, ಹೋಗು" ಎಂದು ಬಸ್ಸು ಹತ್ತಿಸಿದ್ದಳು.

ಭಾನುವಾರ ಬಂಡ್ರಿಯ ಮನೆಯ ಪಡಸಾಲೆಯಲ್ಲಿ ಸುಧಾರಾಣಿಯನ್ನು ಮಣೆಯ ಮೇಲೆ ಕೂರಿಸಿದರು. ಅವಳು ಮತ್ತೊಮ್ಮೆ "ನಾ ಒಲ್ಲೆ" ಎಂದಳು. ಹುಡುಗೀರು ಅನ್ನೋದ ಹಂಗ ಎಂದು ಹೆಂಗಸರು ನಕ್ಕರು. ಹುಲುಗೇಶ್ ಗೋಡೆಗೊರಗಿ ಮೊಬೈಲು ನೋಡುತ್ತಿದ್ದ. ಮೊದಲ ಉಡಿ ಮನೆಯ ಹಿರಿಸೊಸೆ ತುಂಬಬೇಕು, ಹೆಣ್ಣಿನ ಕಡೆಯಿಂದ ಅಕ್ಕ ತುಂಬಬೇಕು. ಆ ಮನೆಯಲ್ಲಿ ಎರಡೂ ಯಶೋಧರಾಳೇ.

ಅವಳು ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆಯಿದ್ದ ಮೊರ ಎತ್ತಿಕೊಂಡು ಬಂದಳು. ತಂಗಿಯ ಮುಂದೆ ನಿಂತಳು. ಮೊರವನ್ನು ಹಾಗೇ ನೆಲಕ್ಕಿಟ್ಟಳು.

"ನಾ ತುಂಬಂಗಿಲ್ಲ."

"ಯಾಕಲೇ?" ಎಂದ ಎರ್ರೆಪ್ಪ.

"ಈಕೀನೂ ನನ್ನಂಗ ಆಗೋದು ಬ್ಯಾಡ."

"ಮನ್ಯಾಗ ಮಂದಿ ಕುಂತಾರ. ಸುಮ್ಕ ತುಂಬು. ಇಲ್ಲಂದ್ರ ನಡಿ ನಿನ್ನ ತವರಿಗೆ!"

ಯಶೋಧರಾ ಕೂಗಲಿಲ್ಲ. ದನಿಯಲ್ಲಿ ಹತ್ತು ವರ್ಷದ ಆಯಾಸವಷ್ಟೇ ಇತ್ತು.

"ಯಾವ ತವರಿಗೆ ಹೋಗಲೋ ಮಾವ? ನೀ ಹೊಡದಾಗ ಓಡಿ ಹೋದೆ. ನಮ್ಮವ್ವ, ನನ್ನ ತಮ್ಮ ಹಂಗಲ್ಲ ಅಂದ್ಲು. ಅಜ್ಜಿ ಮುಂದ ಕಣ್ಣೀರು ಹಾಕ್ದೆ. ಅಜ್ಜಿ, ನನ್ನ ಮಗ ಹಂಗಲ್ಲ ಅಂದ್ಲು. ಹೊರಗ ಕೊಟ್ಟ ಹೆಣ್ಮಕ್ಕಳಿಗೆ ಕೇಳಾಕ ಬರೋ ಸೋದರಮಾವರಾದ್ರೂ ಇರ್ತಾರ. ನನಗ ಕೇಳಾಕ ಬರಬೇಕಾದ ಮಾವನೇ ನೀನು. ಮನಿಯೊಳಗ ಕೊಟ್ಟು, ನನ್ನ ಬಾಗಿಲಾನ ಮುಚ್ಚಿದ್ರಿ. ಈಕೀದೂ ಮುಚ್ಚಾಕ ನನ್ನ ಕೈಲೆ ಆಗಂಗಿಲ್ಲ."

ಹೆಂಗಸರು ನಗುವುದನ್ನು ನಿಲ್ಲಿಸಿದ್ದರು. ಸುಧಾರಾಣಿ ಮಣೆಯಿಂದೆದ್ದು ಅಕ್ಕನ ಪಕ್ಕ ನಿಂತಳು. ಎರ್ರೆಪ್ಪ ಕೈಯೆತ್ತಿಕೊಂಡು ಎದ್ದ. ಆಗ ನಡುವೆ ಬಂದು ನಿಂತವಳು ಹಂಪಕ್ಕ.

"ಮುಟ್ಟಬ್ಯಾಡೋ."

"ಅಕ್ಕಾ, ನೀ ಸರಿ ಆ ಕಡಿ."

"ಮುಟ್ಟಬ್ಯಾಡ ಅಂದೆ. ಯಶೂ, ಹುಡುಗೀರ್ನ ಕರಕೋ. ಮನೀಗೆ ಹೋಗೂನು."

ನೀಲಗಂಗಮ್ಮ ಗೋಡೆ ಹಿಡಿದು ಎದ್ದಳು. "ಹಂಪೀ, ಇವತ್ತು ಇವರನ್ನ ಕರಕೊಂಡು ಹೊಸ್ತಿಲು ದಾಟಿದಿ ಅಂದ್ರ ನಿನಗ ತವರಿಲ್ಲ. ನಾ ಸತ್ರೂ ಬರಬ್ಯಾಡ."

ಹಂಪಕ್ಕ ತಾಯಿಯ ಮುಖ ನೋಡಿದಳು. "ಆಗಲವ್ವ" ಎಂದಳು. ಹೊರಗೆ ಬಂದು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

ಸಂಡೂರಿನ ಮೇಲೆ ಹೊಸಪೇಟೆಗೆ ಹೋಗುವ ಬಸ್ಸು ಹತ್ತಿದರು. ಯಶವಂತನಗರ ದಾಟುವಾಗ ಅದಿರಿನ ಲಾರಿಗಳ ಕೆಂಧೂಳು ಕಿಟಕಿಯಿಂದ ಒಳಗೆ ಬಂತು. ಗೆದ್ದ ಹಾಗೆ ಯಾರಿಗೂ ಅನ್ನಿಸಿರಲಿಲ್ಲ. ನಾಳೆ ಎರ್ರೆಪ್ಪ ಬಾಗಿಲಿಗೆ ಬರುತ್ತಾನೆ, ನಾಡಿದ್ದು ಕುಲದ ಹಿರಿಯರು ಬರುತ್ತಾರೆ.

"ನಾಳೆ ಕ್ಲಾಸ್ ಐತೇನು?" ಕೇಳಿದಳು ಹಂಪಕ್ಕ, ಮುಂದೆ ನೋಡುತ್ತಲೇ.

"ಐತವ್ವ."

"ತಪ್ಪಸಬ್ಯಾಡ. ಬಂದವ್ರಿಗೆ ಉತ್ತರ ಕೊಡಾಕ ನಾ ಅದೀನಿ." ಆಮೇಲೆ ಹಿರಿಮಗಳ ಕಡೆ ತಿರುಗಿದಳು. "ಮನ್ಯಾಗ ಎರಡ ಚಾಪಿ ಅದಾವ. ಹೊಸಪೇಟ್ಯಾಗ ಇಳದ ಕೂಡ್ಲೆ ಇನ್ನೆರಡು ತಗೊಬೇಕು."