ಎಲೆ ಕೊಟ್ಟೆ, ಕಡ್ಡಿ ಕೊಡಲಿಲ್ಲ

ನನ್ನ ಕಿಟಕಿಯ ಪುದೀನ ಕುಂಡಕ್ಕೆ ಇಡೀ ಕಟ್ಟಡವೇ ಗಿರಾಕಿ. ಹೊಲಿಗೆಗೆ ಮಾತ್ರ ಒಂದು ನರಪಿಳ್ಳೆಯೂ ಬರುವುದಿಲ್ಲ. ರೆಡಿಮೇಡ್ ಬಟ್ಟೆ ಬಂದ ಮೇಲೆ ನನ್ನ ಮಷೀನು ಮೂಲೆ ಸೇರಿತು. ಅಜೀರ್ಣ, ನೆಗಡಿ, ಬಾಯಿ ವಾಸನೆ ಎಂದರೆ ನನ್ನ ನೆನಪಾಗುತ್ತದೆ. ಆಗಲಿ ಬಿಡಿ, ಬಾಗಿಲು ಬಡಿದರೆ ಸಾಕು.

ಬಂದವರಿಗೆ ಎಲೆ ಚಿವುಟಿ ಕಾಗದದಲ್ಲಿ ಕಟ್ಟಿ ಕೊಡುತ್ತೇನೆ. ಕಡ್ಡಿ ಮಾತ್ರ ಕೊಡುವುದಿಲ್ಲ. ಕಡ್ಡಿಯನ್ನು ಲೋಟದ ನೀರಿಗಿಟ್ಟರೆ ಬೇರು ಬಿಡುತ್ತದೆ. ಆಮೇಲೆ ನನ್ನ ಮನೆಗೆ ಯಾರು ಬರುತ್ತಾರೆ, ಮಣ್ಣು! ಜಿಪುಣಿ ಎನ್ನುತ್ತಾರೆ. ಅಂದುಕೊಳ್ಳಲಿ.

ಹೆಚ್ಚು ಬರುತ್ತಿದ್ದವಳು ಕೆಳಮನೆಯ ಲಾರಿ ಡ್ರೈವರನ ಹೆಂಡತಿ. ಗಂಡ ಸದಾ ರಸ್ತೆಯ ಮೇಲೆ, ಇವಳಿಗೆ ದಿನಕ್ಕೊಂದು ಕಾಯಿಲೆ.

"ಅತ್ತೆ, ಹೊಟ್ಟೆ ಉಬ್ಬರ."

"ಬಿಸಿನೀರಿಗೆ ಎಲೆ ಹಾಕಿ ಮುಚ್ಚಿಡು. ಕುದಿಸ್ಬೇಡ, ಘಮ ಎಲ್ಲಾ ಆವಿ ಜೊತೆ ಹೋಗುತ್ತೆ."

"ತಲೆನೋವೂ ಇದೆ."

"ಜಜ್ಜಿ ಹಣೆಗೆ ಹಚ್ಕೋ. ಕಣ್ಣಿಗೆ ತಾಗಿಸ್ಕೊಂಡು ಆಮೇಲೆ ನನ್ನ ಬೈಬೇಡ."

ಹೀಗೆ ಮಾತಿಗೆ ಮಾತು ಸೇರಿ ಸಂಜೆ ಕಳೆಯುತ್ತಿತ್ತು.

ಒಂದು ದಿನ ನನ್ನ ಬೆರಳು ಬಾತು ಚಿವುಟಲಾಗಲಿಲ್ಲ. "ನೀನೇ ಕಿತ್ಕೋ ಮಗಳೇ" ಎಂದುಬಿಟ್ಟೆ. ಅವಳು ಕಡ್ಡಿಸಮೇತ ಒಂದು ಹಿಡಿ ಕಿತ್ತಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳಲಿ?

ಸ್ವಲ್ಪ ದಿನಕ್ಕೆ ಅವಳ ಕಿಟಕಿಯಲ್ಲೂ ಒಂದು ಹಳೇ ಡಬ್ಬ, ಅದರ ತುಂಬ ಪುದೀನ. ಅಲ್ಲಿಗೆ ಅವಳ ಕಾಯಿಲೆಗಳೆಲ್ಲ ವಾಸಿಯಾದವು ನೋಡಿ! ಮೊದಲು ಸಿಟ್ಟು ಬಂತು, ಆಮೇಲೆ ಅಳು. ಉಳಿದವರು ಬರುವುದು ಯಾವಾಗಲೋ ಒಮ್ಮೆ; ದಿನಾ ಒಯ್ಯುವವಳಿಲ್ಲದೆ ನನ್ನ ಪುದೀನ ಕಿಟಕಿ ದಾಟಿ ಕೆಳಗೆ ಜೋತುಬಿತ್ತು. ಮನೆಯಲ್ಲಿ ನನ್ನ ಚಪ್ಪಲಿಯ ಸದ್ದೊಂದೇ.

ಕೊನೆಗೆ ಮಾನ ಮರ್ಯಾದೆ ಬಿಟ್ಟು ಮೆಟ್ಟಿಲಿಳಿದು ಅವಳ ಬಾಗಿಲು ಬಡಿದೆ.

"ಹೊಟ್ಟೆ ಸರಿಯಿಲ್ಲ ಕಣೇ. ನಾಲ್ಕು ಪುದೀನ ಎಲೆ ಇದ್ರೆ ಕೊಡು."

"ನಿಮ್ಮ ಕುಂಡ ಏನಾಯ್ತು ಅತ್ತೆ?"

"ಒಣಗೋಯ್ತು."

ಹಸಿ ಸುಳ್ಳು. ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಮೇಲಿನಿಂದ ನನ್ನ ಪುದೀನವೇ ಇಳಿಬಿದ್ದು ಗಾಳಿಗೆ ಆಡುತ್ತಿತ್ತು. ಅವಳು ತಿರುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಒಳಗೆ ಬನ್ನಿ" ಎಂದಳು. "ನನಗೂ ಯಾಕೋ ಹೊಟ್ಟೆ ಸರಿಯಿಲ್ಲ."

ಬಿಸಿನೀರಿಗೆ ಎಲೆ ಹಾಕಿ ಮುಚ್ಚಿಟ್ಟಳು. ಕತ್ತಲಾಗುವವರೆಗೆ ಕೂತೆವು. ಹೊರಡುವಾಗ ಕೈಗೊಂದು ಪೊಟ್ಟಣ ಇಟ್ಟಳು. ಮೇಲೆ ಬಂದು ಬಿಚ್ಚಿದೆ. ಎಂಥಾ ಕಳ್ಳಿ ಇವಳು! ಬರೀ ಎಲೆ, ಒಂದೇ ಒಂದು ಕಡ್ಡಿಯೂ ಇರಲಿಲ್ಲ.