ಮುಗಿಯಬಾರದ ಗೋಡೆ

"ಮುಗಿಸ್ಬಿಡ್ತೀಯೇನೋ ಬೋಳಿಮಗನೆ! ನಿಧಾನಕ್ಕೆ ಇಡೋ ಇಟ್ಟಿಗೆ!"

ಯಜಮಾನರು ಮೆಟ್ಟಿಲ ತುದಿಯಿಂದ ಅರಚಿದರು. ನನ್ನ ಕೈ ಚುರುಕು ಅನ್ನುವುದೇ ಆ ಮನೆಯಲ್ಲಿ ನನ್ನ ಮೇಲಿದ್ದ ದೂರು.

"ಹುಡುಗು ಬುದ್ಧಿ ಸ್ವಾಮಿ, ಇನ್ಮೇಲೆ ಮೈಗಳ್ಳತನ ಕಲೀತಾನೆ" ಎಂದು ಅಪ್ಪ ಕರಣೆ ಹಿಡಿದ ಕೈಯಲ್ಲೇ ಕೈ ಮುಗಿದ.

ಮೂರು ಮಹಡಿಯ ಮನೆ. ಮಹಡಿಗೊಂದು ಅಡುಗೆಮನೆ, ಹಿತ್ತಲಲ್ಲಿ ಈಜುಕೊಳ, ನಾಯಿಗೂ ತಣ್ಣನೆ ಗಾಳಿಯ ಕೋಣೆ. ಮೇಲಿನ ಮಹಡಿಯ ಮೂಲೆಯ ಕೋಣೆಗೆ ಮಾತ್ರ ಒಂದು ಗೋಡೆ ಇರಲಿಲ್ಲ. ಇರಕೂಡದಿತ್ತು. ಕಟ್ಟುವ ಕೆಲಸ ನಡೆಯುತ್ತಿರುವ ಮನೆಗೆ ತೆರಿಗೆ ಇಲ್ಲ ಅಂತ ಕಾಯ್ದೆ. ಕೆಲಸ ನಡೆಯುತ್ತಲೇ ಇರಬೇಕು, ಮುಗಿಯಬಾರದು. ಅದಕ್ಕೇ ನಾನು ಮತ್ತು ಅಪ್ಪ. ಬೆಳಗಿನಿಂದ ಗೋಡೆ ಕಟ್ಟುವುದು, ಸಂಜೆ ಅದನ್ನೇ ಕೆಡವಿ, ಇಟ್ಟಿಗೆ ಕೆರೆದು ಪೇರಿಸಿಟ್ಟು ಮನೆಗೆ ಹೋಗುವುದು. ನಾನು ಸ್ಕೂಲು ಬಿಟ್ಟು ಬಂದದ್ದೂ ಇದೇ ಗೋಡೆಗೆ. ಕಟ್ಟಿ ಕೆಡವಿ, ಕಟ್ಟಿ ಕೆಡವಿ, ಇಟ್ಟಿಗೆಗಳು ಮೂಲೆ ಸವೆದು ಆಲೂಗಡ್ಡೆ ಥರ ಆಗಿದ್ದವು. ಸಲೀಸಾಗಿ ಉದುರಲಿ ಎಂದು ಗಾರೆಗೆ ಬರೀ ಮಣ್ಣು ಕಲಸುತ್ತಿದ್ದೆವು. ಸಿಮೆಂಟು ಮೂಟೆ ತೋರಿಕೆಗೆ ಮೂಲೆಯಲ್ಲಿರುತ್ತಿತ್ತು.

ಆ ವಾರ ತೆರಿಗೆ ಸಾಹೇಬ ನಮ್ಮ ಮನೆಗೂ ಬಂದ. ಒಂದೇ ಕೋಣೆ. ಮೂರು ಕಡೆ ಗೋಡೆ, ಹಿಂದೆ ತಗಡು. ಒಳಗೆ ಹಸಿ ಬಾಣಂತಿ ಅಕ್ಕ, ಅವಳ ಮಗ್ಗುಲಲ್ಲಿ ಕೂಸು.

"ನಮ್ದೂ ಕಟ್ತಾ ಇರೋ ಮನೇನೇ ಸಾಹೇಬ್ರೇ. ನೋಡಿ, ಒಂದು ಗೋಡೆ ಇಲ್ಲ" ಅಂದೆ.

"ಯಾವತ್ತಿಂದ ಇಲ್ಲ?"

"ನಾನು ಹುಟ್ಟಿದಾಗಿಂದ."

"ಕೆಲಸ ನಡೀತಿದೆಯಾ?"

"ಇಟ್ಟಿಗೆಗೆ ಗತಿ ಇಲ್ಲ. ನಿಂತಿದೆ."

"ನಿಂತಿದೆ ಅಂದ್ರೆ ಮುಗಿದಿದೆ ಅಂತ. ಮುಗಿದ ಮನೆ. ತೆರಿಗೆ ಕಟ್ಟು."

"ಗೋಡೇನೇ ಇಲ್ವಲ್ಲ!"

"ಲೇ, ಕಾಯ್ದೆ ಕೆಲಸ ಕೇಳತ್ತೆ, ಗೋಡೆ ಕೇಳಲ್ಲ."

ತೆರಿಗೆ ಕಟ್ಟಲು ನಮ್ಮ ಹತ್ತಿರ ಏನೂ ಇರಲಿಲ್ಲ. ಜಪ್ತಿ ಮಾಡೋಣ ಎಂದು ಒಳಗೆ ಇಣುಕಿದ. ನಮ್ಮ ಪಾತ್ರೆಗಳನ್ನು ಕಂಡು ಅವನಿಗೇ ನಾಚಿಕೆಯಾಯಿತೋ ಏನೋ, ಮುಖ ಸಿಂಡರಿಸಿದ. ಕೊನೆಗೆ ಜವಾನರು ನಮ್ಮ ಬಾಗಿಲನ್ನೇ ಕೀಲು ಸಮೇತ ಕಿತ್ತು ಜೀಪಿಗೆ ಹಾಕಿಕೊಂಡರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೀದಿನಾಯಿಯೊಂದು ಒಳಗೆ ನುಗ್ಗಿ ಕೂಸಿನ ಬಟ್ಟೆ ಕಚ್ಚಿ ಎಳೆಯುತ್ತಿತ್ತು. ಅಕ್ಕನ ಚೀರಾಟಕ್ಕೆ ಎದ್ದು ಓಡಿಸಿದೆವು. ಅವಳು ಕೂಸನ್ನು ಎದೆಗೆ ಅವಚಿಕೊಂಡಳು.

"ಬಾಗಿಲು ತಂದ್ಕೊಡಪ್ಪಾ" ಅಂದಳು. "ನಿನ್ನ ಇನ್ನೇನೂ ಕೇಳಲ್ಲ."

ನಾವು ಕೆಲಸಕ್ಕೆ ಹೋದಾಗ ಯಜಮಾನರು ತಿಂಡಿ ಮೇಜಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಮಂತ್ರಿ. ನಾವೆಲ್ಲ ಸಾಲಲ್ಲಿ ನಿಂತು ವೋಟು ಹಾಕಿ ಗೆಲ್ಲಿಸಿದ ಮಂತ್ರಿ, ಯಜಮಾನರು ತಲೆ ಆಡಿಸಿದ ಮೇಲಷ್ಟೇ ಎರಡನೇ ಸಲ ಬಡಿಸಿಕೊಂಡ. ಅಪ್ಪ ಬಾಗಿಲ ವಿಷಯ ಹೇಳಿದ.

"ನೋಡಪ್ಪ, ಕಾಯ್ದೆ ಎಲ್ರಿಗೂ ಒಂದೇ" ಎಂದ ಮಂತ್ರಿ. "ನಾನೇ ಮಾಡಿದ್ದು."

"ಏ, ನೀನೆಲ್ಲಿ ಮಾಡಿದ್ಯೋ? ನಾನು ಹೇಳ್ದೆ, ನೀನು ಬರ್ಕೊಂಡೆ" ಎಂದು ಯಜಮಾನರು ನಕ್ಕರು. ಮಂತ್ರಿ ಅವರಿಗಿಂತ ಜೋರಾಗಿ ನಕ್ಕ.

"ಬಾಣಂತಿ ಇರೋ ಮನೆ ಸ್ವಾಮಿ. ನಾಯಿ ನುಗ್ತಾವೆ."

"ನುಗ್ಲಿ ಬಿಡೋ, ಅವಕ್ಕೂ ಒಂದು ಮನೆ ಬೇಡ್ವಾ?" ಅಂದರು ಯಜಮಾನರು. "ನಾಳೆ ತೆರಿಗೆಯವನು ಇಲ್ಲಿಗೆ ಬರ್ತಾನೆ. ಸಂಜೆ ನೀಟಾಗಿ ಕೆಡವಿ ಹೋಗ್ರಿ. ಆಮೇಲೆ ನೋಡೋಣ ನಿಮ್ಮ ಹಲಗೆ ತುಂಡು."

ಅಪ್ಪ ಮೇಲೆ ಹತ್ತಿದ. ಮೂಲೆಯ ಸಿಮೆಂಟು ಮೂಟೆಯ ಬಾಯಿ ಬಿಚ್ಚಿದ. ಆ ದಿನ ನನಗೆ ನಿಧಾನ ಅನ್ನಲಿಲ್ಲ. ಸಂಜೆ ನಾನು ಅಭ್ಯಾಸಬಲದಿಂದ ಸುತ್ತಿಗೆ ಎತ್ತಿದಾಗ, "ಇಡು ಕೆಳಗೆ" ಅಂದ. ಗೋಡೆ ಚಾವಣಿ ಮುಟ್ಟಿತ್ತು. ಮೇಲೆ ಗಿಲಾವೂ ಬಿದ್ದಿತ್ತು.

ಮರುದಿನ ಯಜಮಾನರು, ಮಂತ್ರಿ, ತೆರಿಗೆ ಸಾಹೇಬ ಮೂವರೂ ಹರಟುತ್ತ ಮೇಲೆ ಬಂದರು. ಸಾಹೇಬ ಹಾವು ಕಂಡವನಂತೆ ಹಿಂದಕ್ಕೆ ಸರಿದ.

"ಇದೇನು ಸಾರ್, ಮುಗಿದುಹೋಗಿದೆ!"

"ಮುಗೀತು ಸಾಹೇಬ್ರೇ, ಬರ್ಕೊಳ್ಳಿ" ಎಂದ ಅಪ್ಪ.

ಸಾಹೇಬ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. "ನಾನೇನೂ ನೋಡಿಲ್ಲ ಸಾರ್. ಬೇಗ ಏನಾದ್ರೂ ಮಾಡಿ."

"ಕೆಡವ್ರೋ ಸೂಳೆಮಕ್ಳಾ!" ಎಂದು ಯಜಮಾನರು ನಮ್ಮತ್ತ ಅರಚಿದರು.

ಅಪ್ಪ ಗಾರೆಯ ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕೂತ. ಯಜಮಾನರ ಎದುರು ಅವನು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಜಮಾನರೇ ಸುತ್ತಿಗೆ ಎತ್ತಿ ಬೀಸಿದರು. ಅದು ಪುಟಿದು ವಾಪಸು ಬಂತು. ಮಂತ್ರಿ ಕರಣೆಯಿಂದ ಕೆರೆಯತೊಡಗಿದ. ಸಾಹೇಬ ಕಣ್ಣು ಮುಚ್ಚಿಕೊಂಡೇ ಭುಜ ಕೊಟ್ಟು ತಳ್ಳಿದ. ಒಂದು ಹಿಡಿಯಷ್ಟು ಗಿಲಾವು ಉದುರಿತು. ಸಾಹೇಬ ಒಂದು ಕಣ್ಣು ತೆರೆದ.

"ಹಾಂ! ಕೆಲಸ ನಡೀತಿದೆ!" ಎಂದು ಜೇಬಿನಿಂದ ಪೆನ್ನು ತೆಗೆದ. "ನಿಲ್ಲಿಸ್ಬೇಡಿ ಸಾರ್. ನಿಲ್ಲಿಸಿದ್ರೆ ಮುಗೀತು ಅಂತಾಗತ್ತೆ."

ಯಜಮಾನರು ಬಡಿದರು. ಮಂತ್ರಿ ಕೆರೆದ. ಇಬ್ಬರ ಅಂಗಿಯೂ ಬೆವರಿನಿಂದ ಬೆನ್ನಿಗೆ ಅಂಟಿತು. ಇಬ್ಬರೂ ನಿಲ್ಲಿಸುವಂತಿರಲಿಲ್ಲ.

ನಾವು ಕೆಳಗಿಳಿದೆವು. ಮುಂಬಾಗಿಲು ತೇಗದ್ದು, ಎರಡಾಳೆತ್ತರ. ಅಪ್ಪ ಉಳಿ ಕೊಟ್ಟು ಕೀಲು ಎಬ್ಬಿಸಿದ. ತಲೆಯ ಮೇಲೆ ಹೊತ್ತು ಹೊರಟಾಗ ರಿಪೇರಿಗೆ ಅಂದುಕೊಂಡನೋ ಏನೋ, ಕಾವಲಿನವನು ಗೇಟು ತೆಗೆದುಕೊಟ್ಟ.

ನಮ್ಮ ಮನೆಗೆ ಅದು ಹಿಡಿಸಲಿಲ್ಲ. ಮನೆಯ ಮುಂದೆ ಒರಗಿಸಿದರೆ ಇಡೀ ಮನೆ ಬಾಗಿಲ ಹಿಂದೆ ಮರೆಯಾಯಿತು.

"ಯಾರದೋ ಇದು?" ಒಳಗಿನಿಂದ ಅಕ್ಕ ಕೇಳಿದಳು.

"ನಮ್ದು. ನೀನು ಮಲಕ್ಕೋ" ಅಂದೆ.

ಸಿಕ್ಕಿಸಲು ಕೀಲಿಲ್ಲ, ನಿಲ್ಲಿಸಲು ಚೌಕಟ್ಟಿಲ್ಲ. ಅದು ಬೀಳದಂತೆ ಅಪ್ಪ ಹೊರಗಡೆಯಿಂದ ಅದಕ್ಕೆ ಬೆನ್ನೊತ್ತಿ ನೆಲದ ಮೇಲೆ ಕೂತ. ಬೀದಿಯ ತುದಿಯಲ್ಲಿ ಜೀಪಿನ ಸದ್ದಾಯಿತು. ಒಂದಲ್ಲ, ಎರಡು ಮೂರು.

"ಅಪ್ಪಾ, ಬಂದ್ರು."

"ಬರ್ಲಿ. ಬಾರೋ, ನೀನೂ ಬೆನ್ನು ಒತ್ತಿ ಕೂತ್ಕೋ."