ಬೆಟ್ಟದ ಆಚೆ ಮಗ್ಗುಲು

ನಮ್ಮೂರಿನ ಬೆಟ್ಟ ಅಂಗಾತ ಮಲಗಿದ ಅಜ್ಜಿ. ಹಣೆ, ಮೊಂಡು ಮೂಗು, ಗದ್ದ, ಆಮೇಲೆ ದೊಡ್ಡ ಹೊಟ್ಟೆ. ಮೇಯಲು ಹೋದ ಕುರಿಗಳ ದಾರಿ ಕಾಯುತ್ತಾ ನಿದ್ದೆ ಹೋದವಳು ಇನ್ನೂ ಎದ್ದಿಲ್ಲವಂತೆ. ಊರಿನ ಸೋಮಾರಿಗಳಿಗೆಲ್ಲ ‘ಬೆಟ್ಟದಜ್ಜಿ’ ಎಂದೇ ಹೆಸರು.

ಶಾಲೆಯ ನಾಟಕದ ವೇದಿಕೆಗೆ ಪರದೆ ಬೇಕು, ಅದರ ಮೇಲೆ ನಮ್ಮ ಬೆಟ್ಟವೇ ಇರಲಿ ಎಂದು ಹೆಡ್‌ಮಿಸ್ ಬಂದು ಹೇಳಿದರು. ಟೈಲರಾದ ನನ್ನ ಅಮ್ಮ ನಕ್ಷೆ ಗಿಕ್ಷೆ ಏನೂ ಬರೆಯುವವಳಲ್ಲ. ಹೊಸದಾಗಿ ಮದುವೆಯಾಗಿ ಬಂದ ನನ್ನ ಅತ್ತಿಗೆಗೆ ಬಟ್ಟೆ ಕೊಟ್ಟು, "ಬೆಟ್ಟ ನೋಡಿದೀಯಲ್ಲ, ಕತ್ತರಿಸಿ ಹೊಲಿದುಬಿಡು" ಎಂದಳು. ಅತ್ತಿಗೆ ಬೆಟ್ಟದ ಆಚೆ ಊರಿನವಳು ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಮಹಡಿಯ ಕೋಣೆಯಲ್ಲಿ ತಿಂಗಳಿಡೀ ಹೊಲಿದಳು. ತಂದು ಅಂಗಡಿಯ ನೆಲದ ಮೇಲೆ ಹರಡಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಹಸಿರು, ಬೂದಿ, ನೀಲಿ ಬಟ್ಟೆಯ ತುಂಡುಗಳೆಲ್ಲ ಸೇರಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯಾಗಿದ್ದವು. ಅಷ್ಟು ಚೆಂದದ ಕೆಲಸವನ್ನು ನಮ್ಮ ಅಂಗಡಿ ಕಂಡಿರಲಿಲ್ಲ.

"ನಮ್ಮ ಅಜ್ಜಿ ಎಲ್ಲಿ?" ಅಮ್ಮ ಕೇಳಿದಳು.

"ನಮ್ಮ ಕಡೆಯಿಂದ ಬೆಟ್ಟ ಹೀಗೇ ಕಾಣತ್ತೆ, ಅತ್ತೆ." ಅತ್ತಿಗೆಯ ದನಿ ಉಡುಗಿತ್ತು. "ಹೊಲಿಯೋಕೆ ಕೂತರೆ ಇವಳೇ ಕಣ್ಮುಂದೆ ಬಂದಳು. ಬಿಚ್ಚಿಬಿಡ್ತೀನಿ."

ಅಜ್ಜಿಯಿಲ್ಲದ ಪರದೆಯನ್ನು ಊರು ಒಪ್ಪುವಂತಿರಲಿಲ್ಲ. ಅತ್ತಿಗೆ ಕತ್ತರಿ ಎತ್ತಿಕೊಂಡಳು. ಮೊದಲ ಹೊಲಿಗೆಗೆ ತುದಿ ತೂರಿಸುವಷ್ಟರಲ್ಲಿ ಕಣ್ಣು ತುಂಬಿತು. ನಾನು ಹೆದರಿ ಅಮ್ಮನ ಮುಖ ನೋಡಿದೆ. ಒಂದು ಗುಂಡಿ ಓರೆಯಾದರೆ ಅಂಗಿಯನ್ನೇ ಮುಖಕ್ಕೆ ಎಸೆಯುವ ಹೆಂಗಸು ನಮ್ಮಮ್ಮ.

ಅಮ್ಮ ಮಂಡಿಯೂರಿ ಕೂತು ಆ ತಾಯಿಯ ಭುಜದಿಂದ ಮಗುವಿನ ತಲೆಯವರೆಗೆ ಬೆರಳಾಡಿಸಿದಳು. ಎಲ್ಲೂ ಒಂದು ಸುಕ್ಕು ಸಿಗಲಿಲ್ಲ. ಆಮೇಲೆ ಸೊಸೆಯ ಕೈಯಿಂದ ಕತ್ತರಿ ಕಸಿದುಕೊಂಡಳು.

"ಪರದೆಗೆ ಲೈನಿಂಗ್ ಬೇಡವಾ? ಇದು ಹಿಂದುಗಡೆಗೆ. ಬೆಟ್ಟದ ಆಚೆ ಕಡೆ ಪರದೆಯ ಆಚೆ ಕಡೆನೇ ಇರಲಿ. ಇನ್ನೂ ವಾರ ಇದೆ, ಮುಂದುಗಡೆಗೆ ಅಜ್ಜೀನ ನಾನು ಹೊಲೀತೀನಿ. ಮಲಗಿರೋಳು, ಏನು ಮಹಾ ಕೆಲಸ."

ನಾಟಕದ ದಿನ ಊರೆಲ್ಲ ಅಜ್ಜಿಯನ್ನು ನೋಡಿ ಚಪ್ಪಾಳೆ ತಟ್ಟಿತು. ಪರದೆಯ ಹಿಂದೆ, ಬಣ್ಣ ಹಚ್ಚಿಕೊಂಡು ಹೆದರಿ ನಡುಗುತ್ತಿದ್ದ ಪುಟಾಣಿಗಳು ಯಾರೂ ಹೇಳದೆಯೇ ಹೋಗಿ ಆ ತಾಯಿಯ ತೊಡೆಗೆ ಒತ್ತಿಕೊಂಡು ಕೂತಿದ್ದರು. ಅತ್ತಿಗೆ ಅವರನ್ನೇ ನೋಡುತ್ತಾ ನಿಂತಿದ್ದಳು. ಅಮ್ಮ ಬಂದು ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು.

"ಮುಂದಿನ ಸಾಲಲ್ಲಿ ನಿಮಗೆ ಕುರ್ಚಿ ಹಾಕಿಸಿದಾರೆ, ಅತ್ತೆ."

"ಆ ಕಡೆಯಿಂದ ಹುಟ್ಟಿದಾಗಿನಿಂದ ನೋಡಿದೀನಿ," ಎಂದಳು ಅಮ್ಮ. "ಸ್ವಲ್ಪ ಪಕ್ಕಕ್ಕೆ ಸರಿ, ಅಡ್ಡ ಆಗ್ತೀಯ."